ಅಪ್ಪನಿಗೆ ಓದಿ ಹೇಳಿದ ಕಾದಂಬರಿ

ಹೊನ್ನಾಳಿ
10 ನವೆಂಬರ್ 2025, ಸೋಮವಾರ

ಪ್ರೀತಿಯ ವಿನಯ,

ಕೆಮ್ಮು ಕಡಿಮೆಯಾಯಿತೇನೋ ಮಗನೇ? ಕಾಲೇಜಿನಲ್ಲಿ ಪಾಠ ಮುಗಿಸಿ ಬಿಸಿಲಲ್ಲಿ ಬಂದವನೇ ಫ್ರಿಜ್ಜಿನ ನೀರು ಕುಡಿಯಬೇಡ ಎಂದರೆ ನೀನು ಕೇಳುವವನಲ್ಲ. ಕಲಬುರಗಿಯ ಬಿಸಿಲು ಬೇರೆ. ನನ್ನ ಮಂಡಿನೋವು ಇದ್ದದ್ದೇ, ಅದನ್ನು ಬಿಟ್ಟರೆ ಚೆನ್ನಾಗಿದ್ದೇನೆ. ಫೋನ್ ಇರುವಾಗ ಅಮ್ಮ ಕಾಗದ ಯಾಕೆ ಬರೆದಳು ಎಂದುಕೊಳ್ಳುತ್ತೀಯ. ನಾನು ಫೋನಿನಲ್ಲಿ ಮಾತಾಡಿದರೆ ಬೀದಿಗೆಲ್ಲ ಕೇಳಿಸುತ್ತದೆ ಎಂದು ನೀನೇ ನಗುತ್ತಿದ್ದೆಯಲ್ಲ, ಅದಕ್ಕೇ.

ನಿನ್ನ ಕಾದಂಬರಿ ಓದಿದೆ. ನೀನು ಕಳಿಸಲಿಲ್ಲ, ಬರೆದಿದ್ದೇನೆ ಎಂದೂ ಹೇಳಲಿಲ್ಲ. ಲೈಬ್ರರಿಯಲ್ಲಿ ಕೆಲಸ ಮಾಡುವ ಸುನೀತಾ, ‘ಅಮ್ಮಾ, ವಿನಯಣ್ಣನ ಪುಸ್ತಕ ಬಂದೈತೆ, ಓದಿದ್ರಾ?’ ಎಂದು ಕೇಳಿದಾಗ ನಕ್ಕು, ಪುಸ್ತಕ ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಊರಿನ ಹೆಸರು ಬದಲಿಸಿದ್ದೀಯ, ಆದರೆ ಅದು ನಮ್ಮ ಪಕ್ಕದ ನ್ಯಾಮತಿಯೇ ಎಂದು ಬಸ್ ಸ್ಟ್ಯಾಂಡ್ ಬಂದ ಕೂಡಲೇ ಗೊತ್ತಾಯಿತು. ದಿನಾ ಅದೇ ಬಸ್ಸಿಗೆ ಕಾಯುವ ಮೇಷ್ಟ್ರು ಓಂಕಾರ್. ಚೀಲದಲ್ಲಿ ಚಿಲ್ಲರೆ ಇದ್ದರೂ ‘ನಾಳೆ ಇಸ್ಕಳ್ರಿ ಸಾರ್’ ಎನ್ನುವ ಕಂಡಕ್ಟರ್ ಮುತ್ತುರಾಜ್. ನಾಳೆ ಮತ್ತೆ ಮಾತಾಡಲು ನೆಪ ಬೇಕಲ್ಲ! ಅಲ್ಲಿ ನಾನೊಬ್ಬಳೇ ಕೂತು ನಕ್ಕೆ. ಗಂಡಸರಿಬ್ಬರು ಹೀಗೆ ಪ್ರೀತಿಸುವುದುಂಟು ಎಂದು ಕೇಳಿದ್ದೆ. ಆದರೆ ಅದು ಹೇಗೆ ಶುರುವಾಗುತ್ತದೆ, ಮೊದಲು ಬಾಯಿ ಬಿಡುವವರು ಯಾರು, ಅದೆಲ್ಲ ನನಗೆ ತಿಳಿದಿರಲಿಲ್ಲ. ಎಲ್ಲರ ಹಾಗೇ ಹೆದರಿಕೊಂಡೇ ಶುರು ಮಾಡುತ್ತಾರಲ್ಲೋ!

ಓದುತ್ತಾ ಓದುತ್ತಾ ಆ ಮೇಷ್ಟ್ರು ನೀನೇ ಎನ್ನಿಸಿತು. ಸಿಟ್ಟು ಬಂದಾಗ ಅವನೂ ನಿನ್ನ ಹಾಗೆ ಊಟ ಬಿಟ್ಟು ಪಾತ್ರೆ ತೊಳೆಯಲು ಕೂರುತ್ತಾನೆ. ಹಾಗಾದರೆ ಮುತ್ತುರಾಜ್ ಯಾರು? ಹೋದ ವರ್ಷ ನಾನು ಫೋನ್ ಮಾಡಿದಾಗ, ‘ವಿನಯ್ ಸ್ನಾನಕ್ಕ ಹೋಗ್ಯಾರ್ರಿ ಅಮ್ಮಾರ, ನಿಮ್ದು ಊಟ ಆತೇನ್ರಿ?’ ಎಂದವನೇ? ದನಿ ಮೆತ್ತಗಿತ್ತು. ಅವನಿಗೆ ಅಪ್ಪ ಅಮ್ಮ ಇದ್ದಾರಾ? ಅವರಿಗೆ ಗೊತ್ತಾ?

ಈಗ ನಿಮ್ಮಪ್ಪನ ವಿಷಯ. ಹೋದ ವಾರ ನಮ್ಮ ಗೊಬ್ಬರದ ಅಂಗಡಿಗೆ ಹಳೇ ಗಿರಾಕಿಯೊಬ್ಬರು ಬಂದು, ಜನರೆಲ್ಲ ಇರುವಾಗಲೇ, ‘ಏನ್ರಿ ಬಸವರಾಜಪ್ಪ, ನಿಮ್ ಮಗ ಗಂಡಸ್ರು ಗಂಡಸ್ರೇ ಲವ್ ಮಾಡೋ ಕತೆ ಬರದಾನಂತೆ, ಮರ್ಯಾದಸ್ಥರ ಮನೇಲಿ ಹಿಂಗೂ ಆಗ್ತೈತಾ?’ ಎಂದರಂತೆ. ಅಪ್ಪ ತೂಕ ನಿಲ್ಲಿಸಿ, ‘ನೀವು ಓದೀರಾ?’ ಎಂದರಂತೆ. ‘ಅಂಥದ್ದೆಲ್ಲ ನಾವ್ಯಾಕೆ ಓದಾನ?’ ‘ಹಂಗಾರೆ ಓದ್ಕಂಡ್ ಬರ್ರಿ, ಆಮೇಲೆ ಮಾತಾಡಾನ.’

ಮಧ್ಯಾಹ್ನ ಊಟಕ್ಕೆ ಬಂದವರು ತಟ್ಟೆ ಮುಂದೆ ಕೂರಲೇ ಇಲ್ಲ. ‘ಎಲ್ಲೈತೆ ಆ ಪುಸ್ತಕ? ನಾನೇ ಓದ್ದೆ ಇನ್ನೊಬ್ರಿಗೆ ಓದು ಅಂದು ಬಂದೀನಿ’ ಎಂದರು. ನಾನು ಬಚ್ಚಿಟ್ಟದ್ದು ಅವರಿಗೆ ಹೇಗೆ ಗೊತ್ತಾಯಿತೋ! ಸಣ್ಣ ಅಕ್ಷರ ಅವರ ಕಣ್ಣಿಗೆ ಹತ್ತುವುದಿಲ್ಲ. ಅಂದಿನಿಂದ ದಿನಾ ಊಟವಾದ ಮೇಲೆ ನಾನು ಓದುವುದು, ಅವರು ಮಲಗಿ ಫ್ಯಾನು ನೋಡುತ್ತಾ ಕೇಳುವುದು. ಹೊಳೆಯ ಮೆಟ್ಟಿಲ ಮೇಲೆ ಇಬ್ಬರೂ ಮುತ್ತಿಡುವಲ್ಲಿ ನಾನು ನಾಲ್ಕು ಸಾಲು ಹಾರಿಸಿದೆ. ‘ನುಂಗಬ್ಯಾಡ ನಿರ್ಮಲಾ, ಅವನು ಬರ್ದಿದ್ದನ್ನ ಓದು’ ಎಂದರು. ಓದಿದೆ. ಕಿವಿಯೆಲ್ಲ ಬಿಸಿಯಾಯಿತು.

ಆದರೆ ಮೇಷ್ಟ್ರ ಅಪ್ಪನಿಗೆ ವಿಷಯ ತಿಳಿಯುತ್ತದಲ್ಲ, ಕೆನ್ನೆಗೆ ಹೊಡೆದು, ಬಟ್ಟೆಯ ಚೀಲ ಬೀದಿಗೆ ಎಸೆದು, ‘ನನ್ನ ಪಾಲಿಗೆ ನೀನು ಸತ್ತೆ’ ಎನ್ನುತ್ತಾನಲ್ಲ, ಅಲ್ಲಿ ಎದ್ದು ಕೂತರು. ‘ನಾನು ಯಾವಾಗ ಅವನಿಗೆ ಹೊಡ್ದೆ?’ ಎಂದರು. ಅದು ಕತೆ ಕಣ್ರೀ ಎಂದೆ. ‘ಏನು ಕತೆ? ಅಂಗಡಿ ನಂದು, ಹೆಗಲ ಮ್ಯಾಲಿನ ಟವೆಲ್ಲು ನಂದು, ಕೆಮ್ಮೋದು ಸೈತ ನಂದೇ. ನನ್ನ ಒಂದು ಮಾತು ಕೇಳ್ದೆ ನನ್ನ ಉತ್ರಾನೂ ಅವನೇ ಬರ್ಕಂಡಾನೆ.’

ತಡೆಯಲಾರದೆ ನಾನೂ ಕೇಳಿಬಿಟ್ಟೆ: ‘ಅವನು ಕೇಳಿದ್ರೆ ಏನ್ ಹೇಳ್ತಿದ್ರಿ?’ ‘ಗೊತ್ತಿಲ್ಲ. ಬೈತಿದ್ನೋ ಏನೋ. ಹೊಡೀತಿರಲಿಲ್ಲ’ ಎಂದರು. ಆಮೇಲೆ, ‘ಮುಂದೆ ಓದು’ ಎಂದರು.

ನೀನು ಹೆದರಿದ್ದು ತಪ್ಪು ಎನ್ನಲಾರೆ ಮಗನೇ. ಈ ಊರಿನ ಬಾಯಿ ನನಗೂ ಗೊತ್ತು. ಆದರೆ ಅವರಿಗೆ ನೋವಾಗಿದೆ, ಅದೂ ನಿಜ.

ಹೊತ್ತಿಗೆ ಸರಿಯಾಗಿ ಉಣ್ಣು. ಫೋನ್ ಎತ್ತಿದ ಆ ಮೆತ್ತನೆ ದನಿಯವನಿಗೂ ನನ್ನ ಆಶೀರ್ವಾದ ಹೇಳು.

ನಿನ್ನ
ಅಮ್ಮ, ನಿರ್ಮಲಮ್ಮ

ಮರೆತಿದ್ದೆ: ನಿಮ್ಮಪ್ಪ ದಾವಣಗೆರೆಯಿಂದ ಬಸ್ಸಿಗೆ ಟಿಕೆಟ್ ಮಾಡಿಸಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ನಿನ್ನ ಮನೆ ಬಾಗಿಲಿಗೆ ಬರುತ್ತಾರೆ. ಫೋನ್ ಎತ್ತಿದವನ ವಿಷಯ ನಾನೇ ಅವರ ಕಿವಿಗೆ ಹಾಕಿದ್ದೆ. ‘ಅವನಿಗೆ ಹೇಳಬ್ಯಾಡ, ಆ ಹುಡುಗನ್ನ ಎಲ್ಲಿಗಾರ ಕಳಿಸಿಬಿಡ್ತಾನೆ’ ಎಂದಿದ್ದಾರೆ. ಕಳಿಸಬೇಡ. ಇಬ್ಬರೂ ಮನೆಯಲ್ಲೇ ಇರಿ. ಅವರು ಏನು ಕೇಳಿದರು, ನೀವು ಏನು ಹೇಳಿದಿರಿ, ಒಂದು ಮಾತೂ ನುಂಗದೆ ನನಗೆ ಬರಿ.