ನೀರು ಹಾಕಿದ್ದು ಅವಳೇ

ಭಾನುವಾರ, ಮಧ್ಯಾಹ್ನ

ಚೂಟಿಯ ಅಮ್ಮನಿಗೆ,

ಮಗಳು ಆರೋಗ್ಯವಾಗಿದ್ದಾಳೆ. ಮೊದಲು ಅಷ್ಟು ಓದಿಕೊಂಡು ಉಸಿರು ಬಿಡು. ನೀನು ಮನೆ ಬಿಟ್ಟು ಹೋದ ಈ ಏಳು ತಿಂಗಳಲ್ಲಿ ನಾವಿಬ್ಬರು ಮಾತಾಡಿದ್ದೆಲ್ಲ ಫೋನಿನಲ್ಲಿ, ಅದೂ ಶಾಲೆಯ ರಜೆ, ಅವಳ ಹಲ್ಲುನೋವು, ಇಷ್ಟೇ. ಇದನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಒಂದು ಪ್ರಶ್ನೆ ಕೇಳುತ್ತೀಯ, ನಾನು ತಡವರಿಸಿ ಬೇರೇನೋ ಹೇಳಿಬಿಡುತ್ತೇನೆ. ಅದಕ್ಕೇ ಕಾಗದ.

ಮಂಗಳವಾರ ಸಂಜೆ ಚೂಟಿ ನಿನಗೆ ಫೋನ್ ಮಾಡಿ, ಗಿನಿಪಿಗ್ ಮರಿಗಳಿಗೆ ತಾನು ಸರಿಯಾಗಿ ನೀರು ಹಾಕಲಿಲ್ಲ, ಅದಕ್ಕೇ ಅವಕ್ಕೆ ಹೀಗಾಗಿದೆ ಎಂದು ಅತ್ತಳಲ್ಲ. ‘ಒಂಬತ್ತು ವರ್ಷ ಆಯ್ತು, ಒಂದು ಬಾಟ್ಲಿ ತುಂಬಿಸೋಕಾಗಲ್ವಾ? ನೋಡ್ಕೊಳ್ಳೋಕಾಗದಿದ್ರೆ ಯಾರಿಗಾದ್ರೂ ಕೊಟ್ಬಿಡು’ ಅಂದೆಯಂತೆ. ನಿನ್ನ ತಪ್ಪಲ್ಲ, ಅವಳು ಹೇಳಿದ್ದನ್ನು ನೀನು ನಂಬಿದೆ. ಆದರೆ ಅವಳು ದಿನವೂ ನೀರು ಹಾಕಿದ್ದಳು. ಹಲ್ಲುಜ್ಜುವ ಮೊದಲೇ ಹಳೆಯ ನೀರು ಚೆಲ್ಲಿ, ಬಾಟಲಿ ತೊಳೆದು, ಹೊಸ ನೀರು ತುಂಬಿಸಿ ಗೂಡಿಗೆ ಸಿಕ್ಕಿಸುತ್ತಿದ್ದಳು. ನಾನು ಕಣ್ಣಾರೆ ನೋಡಿದ್ದೇನೆ.

ಮರಿಗಳನ್ನು ನೀನು ನೋಡಿಲ್ಲ. ಒಟ್ಟು ಮೂರು. ಚೂಟಿ ಇಟ್ಟ ಹೆಸರು ಶುಂಠಿ, ಮಸಿ, ಹತ್ತಿ. ತಾಯಿಗೆ ದಪ್ಪಮ್ಮ ಎನ್ನುತ್ತಾಳೆ. ಒಂದು ತಿಂಗಳಾಗಿತ್ತು, ಹಾಲು ಬಿಟ್ಟು ಹುಲ್ಲು, ಸೊಪ್ಪು ಹಿಡಿದಿದ್ದವು. ಶುಂಠಿಯೇ ಎಲ್ಲರಿಗಿಂತ ಗಟ್ಟಿ. ಫ್ರಿಜ್ಜಿನ ಬಾಗಿಲ ಸದ್ದಾದರೆ ಸಾಕು, ಸೌತೆಕಾಯಿಗಾಗಿ ಸೀಟಿ ಹೊಡೆಯುತ್ತಿತ್ತು.

ಹೋದ ವಾರ ಬಿಸಿಲು ಜೋರಾಗಿತ್ತು. ಸೋಮವಾರ ಸಂಜೆ ಮರಿಗಳು ಮೂಲೆಯಲ್ಲಿ ಕೂದಲು ನಿಮಿರಿಸಿಕೊಂಡು ಕುಳಿತಿದ್ದವು. ಸೆಕೆಗೆ ಇರಬಹುದು ಎಂದೆ. ಮಂಗಳವಾರ ಬೆಳಿಗ್ಗೆ ಚೂಟಿ ಅಂಗಡಿಗೇ ಓಡಿ ಬಂದಳು. ಬೆಳಗಿನ ಗಿರಾಕಿಯ ಕೈಗಡಿಯಾರ ಬಿಚ್ಚಿಟ್ಟುಕೊಂಡು ಕುಳಿತಿದ್ದೆ. ‘ಅಪ್ಪಾ, ಸೌತೆಕಾಯಿ ಮೂಗಿನ ಹತ್ರ ಹಿಡಿದ್ರೂ ಶುಂಠಿ ತಿರುಗಿ ನೋಡ್ತಿಲ್ಲ’ ಎಂದಳು. ಗಡಿಯಾರದ ಮೇಲೆ ಲೋಟ ಬೋರಲು ಹಾಕಿ ಎದ್ದೆ.

ಹಿಂದಿನ ಶುಕ್ರವಾರ ಇನ್ನೂರ ಹತ್ತು ಗ್ರಾಂ ತೂಗಿದ್ದ ಶುಂಠಿ ನೂರ ಎಪ್ಪತ್ತಕ್ಕೆ ಇಳಿದಿತ್ತು. ಮರಿಗಳನ್ನು ಬುಟ್ಟಿಯಲ್ಲಿ ಬಟ್ಟೆ ಹಾಸಿ ಮಲಗಿಸಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಶುಂಠಿಯ ಕತ್ತಿನ ಹಿಂದಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಎತ್ತಿದ ಚರ್ಮ ಹಾಗೇ ಗುಡಾರದಂತೆ ನಿಂತಿತು, ಕೆಳಗಿಳಿಯಲಿಲ್ಲ. ಒಸಡು ಮುಟ್ಟಿ ನೋಡಿ, ‘ಒಣಗಿ ಹೋಗಿದೆ. ಇವು ಎರಡು ಮೂರು ದಿನದಿಂದ ನೀರೇ ಕುಡಿದಿಲ್ಲ’ ಎಂದರು.

ಆಗ ನಾನು ಮಾಡಿದ್ದನ್ನು ಕೇಳು. ಡಾಕ್ಟರ ಎದುರೇ, ಅಲ್ಲಿ ಕುಳಿತವರೆಲ್ಲ ತಿರುಗಿ ನೋಡುವ ಹಾಗೆ, ‘ನೀರು ಹಾಕಿದ್ಯೋ ಇಲ್ವೋ? ನಿಜ ಹೇಳು!’ ಎಂದು ಮಗಳ ಮೇಲೆ ಕೂಗಾಡಿದೆ. ಹಾಕಿದೆ ಎಂದಳು. ‘ಹಾಕಿದ್ರೆ ಇವಕ್ಕೆ ಯಾಕೆ ಹೀಗಾಗ್ತಿತ್ತು?’ ಎಂದೆ. ಅವಳು ಬುಟ್ಟಿಯ ಬಟ್ಟೆಯನ್ನು ಮರಿಗಳ ಸುತ್ತ ಸರಿಮಾಡಿದಳು.

ಡಾಕ್ಟರಮ್ಮ ಮೂರಕ್ಕೂ ಚರ್ಮದ ಕೆಳಗೆ ಸಲೈನ್ ಕೊಟ್ಟರು. ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ಕುಡಿಸುವುದನ್ನು ಚೂಟಿಗೆ ತೋರಿಸಿದರು. ಮರಿಯನ್ನು ಮಲಗಿಸಬಾರದು, ಕೂರಿಸಿಕೊಂಡು ಬಾಯಿಯ ಪಕ್ಕದಿಂದ ಒಂದೊಂದೇ ಹನಿ, ಅದು ನುಂಗಿದ ಮೇಲೆ ಮುಂದಿನ ಹನಿ, ಅವಸರಪಟ್ಟರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಗೂಡಿನಲ್ಲಿ ಬಾಟಲಿಯ ಜೊತೆಗೆ ಅಗಲವಾದ ತಟ್ಟೆಯಲ್ಲೂ ನೀರಿರಲಿ, ದಿನಾ ತೂಗಿ, ಎಂದರು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿಯುವ ಈ ಕೈಗೆ ಆ ಸಿರಿಂಜು ನೆಟ್ಟಗೆ ಹಿಡಿಯಲಾಗಲಿಲ್ಲ. ಹಿಡಿದವಳು ಚೂಟಿ.

ಮಸಿ, ಹತ್ತಿ ಸಂಜೆಯ ಹೊತ್ತಿಗೆ ತುಟಿ ಚಪ್ಪರಿಸತೊಡಗಿದವು. ಶುಂಠಿ ನುಂಗಲಿಲ್ಲ. ಬುಧವಾರ ಬೆಳಿಗ್ಗೆ ಚೂಟಿಯ ಮಡಿಲಲ್ಲೇ ಹೋಯಿತು. ಹಿತ್ತಿಲ ಗೋಡೆಯ ಪಕ್ಕ ಗುಂಡಿ ತೋಡಿದೆ. ಅವಳು ಅಳಲಿಲ್ಲ. ಒಳಗೆ ಹೋಗಿ ಉಳಿದೆರಡಕ್ಕೆ ನೀರು ಕುಡಿಸಿದಳು. ಅವತ್ತಿಡೀ ಅವಳು ತಿಂದದ್ದು ಅರ್ಧ ತುಂಡು ಬ್ರೆಡ್ಡು.

ಇನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಗೂಡಿಗೆ ತಲೆಕೆಳಗಾಗಿ ಸಿಕ್ಕಿಸುವ ಆ ನೀರಿನ ಬಾಟಲಿಯ ಕೊಳವೆಯ ತುದಿಯಲ್ಲಿ ಒಂದು ಉಕ್ಕಿನ ಗುಂಡು ಇರುತ್ತದೆ. ನಾಲಿಗೆಯಿಂದ ಒತ್ತಿದರೆ ಗುಂಡು ಹಿಂದೆ ಸರಿದು ನೀರು ಬರುತ್ತದೆ. ನಮ್ಮದು ತೊಟ್ಟಿಕ್ಕಿ ಹುಲ್ಲೆಲ್ಲ ಒದ್ದೆಯಾಗುತ್ತಿತ್ತು. ಮರಿಗಳು ಮಂಕಾಗುವ ಮೊದಲಿನ ಶನಿವಾರ, ಚೂಟಿ ಗೆಳತಿಯ ಮನೆಗೆ ಹೋಗಿದ್ದಾಗ ಕೊಳವೆ ಬಿಚ್ಚಿ, ಗುಂಡಿನ ಹಿಂದೆ ಹಳೆಯ ಅಲಾರಂ ಗಡಿಯಾರದ ಸಣ್ಣ ಸ್ಪ್ರಿಂಗ್ ಕೂರಿಸಿದೆ. ಒಂದು ಹನಿ ಸೋರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ದಪ್ಪಮ್ಮನಿಗೆ ಬಲವಿದೆ, ಒತ್ತಿ ಕುಡಿದಳು. ಬಾಟಲಿಯ ನೀರು ದಿನಾ ಇಳಿಯುತ್ತಿತ್ತಾದ್ದರಿಂದ ಎಲ್ಲರೂ ಕುಡಿಯುತ್ತಿದ್ದಾರೆಂದೇ ನಾವು ತಿಳಿದೆವು. ಮರಿಗಳ ನಾಲಿಗೆಗೆ ಆ ಗುಂಡು ಅಲುಗಲೇ ಇಲ್ಲ. ನೀರಿನ ಕೆಳಗೇ ಕುಳಿತು ಬಾಯಾರಿ ಒಣಗಿದವು.

ಇದು ನನಗೆ ಗೊತ್ತಾದದ್ದು ಗುರುವಾರ, ಬಾಟಲಿಯನ್ನು ಅಂಗಡಿಗೆ ಒಯ್ದು ಬಿಚ್ಚಿ ನೋಡಿದಾಗ. ‘ಕೆಡದೇ ಇದ್ದದ್ದನ್ನ ರಿಪೇರಿ ಮಾಡೋರು ನೀವು’ ಎಂದು ನೀನು ಹೋಗುವ ದಿನ ಹೇಳಿದ್ದೆ. ಅಂದು ಅದು ನನಗೆ ಬರೀ ಕೊಂಕು ಮಾತಾಗಿ ಕೇಳಿಸಿತ್ತು.

ಚೂಟಿಗೆ ಇನ್ನೂ ಹೇಳಿಲ್ಲ. ಮೂರು ದಿನದಿಂದ ಬಾಯಿ ತೆರೆಯುತ್ತೇನೆ, ‘ಹೋಂವರ್ಕ್ ಆಯ್ತಾ’ ಎಂದು ಕೇಳಿ ಮುಚ್ಚುತ್ತೇನೆ. ಅವಳಂತೂ ಬೆಳಿಗ್ಗೆ, ಸಂಜೆ ತೂಕ ನೋಡಿ ಬರೆದಿಡುತ್ತಾಳೆ. ಹತ್ತಿ ಇಂದು ಹಳೆಯ ತೂಕಕ್ಕೆ ಬಂದಿದೆ, ಮಸಿಗೆ ಇನ್ನು ಎಂಟು ಗ್ರಾಂ ಬೇಕು. ನೀನು ಕೊಟ್ಟುಬಿಡು ಅಂದದ್ದಕ್ಕೆ ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ತೂತು ಮಾಡಿ ಇಟ್ಟಿದ್ದಾಳೆ. ಯಾರಿಗೆ ಕೊಡುವುದೋ ಗೊತ್ತಿಲ್ಲ, ಪೆಟ್ಟಿಗೆ ಮಾತ್ರ ಸಿದ್ಧ. ಪರೀಕ್ಷೆ ಮುಗಿದ ಮೇಲೆ ಅವಳು ಯಾರ ಜೊತೆ ಇರಬೇಕೆಂದು ನಾವು ಮಾತಾಡುವುದಿದೆ. ಆ ಮಾತಿನಲ್ಲಿ ಇದನ್ನು ನನ್ನ ವಿರುದ್ಧ ಹಿಡಿದರೆ ಹಿಡಿ, ಬೇಡ ಎನ್ನುವುದಿಲ್ಲ. ಆದರೆ ಈ ಕಾಗದ ಮುಟ್ಟಿದ ಕೂಡಲೇ ಫೋನ್ ಮಾಡಿ, ಮರಿಗಳನ್ನು ಯಾರಿಗೂ ಕೊಡಬೇಡ ಎಂದು ಅವಳಿಗೆ ನಿನ್ನ ಬಾಯಿಂದಲೇ ಹೇಳು. ನಾನು ಹೇಳಿದರೆ ನಂಬುವುದಿಲ್ಲ.

ಈಗ ಅವಳನ್ನು ಕರೆದು ಇದಿಷ್ಟನ್ನೂ ಓದಿ ಹೇಳುತ್ತೇನೆ. ಆಮೇಲೇ ಲಕೋಟೆ ಅಂಟಿಸುತ್ತೇನೆ.

ಇಂತಿ,
ಚೂಟಿಯ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಓದಿ ಹೇಳಿದೆ. ಶುಂಠಿಯ ವಿಷಯ ಬಂದಾಗ, ಅದು ಸತ್ತ ಮೇಲೆ ಮೊದಲ ಸಲ, ಜೋರಾಗಿ ಅತ್ತಳು. ಕೊನೆಯವರೆಗೂ ಕೇಳಿಸಿಕೊಂಡು, ಕಣ್ಣೊರೆಸಿಕೊಂಡು, ‘ಅಪ್ಪಾ, ಗುರುವಾರ ಅಲ್ಲ’ ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ಜೇಬಿಗೆ ಹೋಯಿತು. ಹೌದು, ಗುರುವಾರ ಅಲ್ಲ. ಮಂಗಳವಾರ ಆಸ್ಪತ್ರೆಯಿಂದ ಬಂದವನೇ ಅಡುಗೆಮನೆಯಲ್ಲಿ ಕೊಳವೆ ಬಿಚ್ಚಿ, ಸ್ಪ್ರಿಂಗ್ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ಅವಳು ಬಾಗಿಲಲ್ಲಿ ನಿಂತು ನೋಡಿದ್ದಳಂತೆ. ನಿನಗೆ ಫೋನ್ ಮಾಡಿದ್ದು ಅದಾದ ಮೇಲೆ. ಅವಳು ನಿನ್ನೊಡನೆ ಅಳುತ್ತಿದ್ದಾಗ ಎಲ್ಲ ಗೊತ್ತಿದ್ದೂ ನಾನು ಪಕ್ಕದಲ್ಲೇ ನಿಂತಿದ್ದೆ.

‘ಗೊತ್ತಿದ್ದ ಮೇಲೆ ನಿಂದೇ ತಪ್ಪು ಅಂತ ಅಮ್ಮನಿಗೆ ಯಾಕೆ ಹೇಳಿದೆ?’ ಎಂದು ಅವಳನ್ನು ಕೇಳಿದೆ. ‘ನನ್ನ ಮೇಲೆ ಕೋಪ ಬಂದ್ರೆ ಅಮ್ಮ ಎರಡು ದಿನಕ್ಕೆ ಮರೀತಾಳೆ, ಅಪ್ಪಾ. ನಿನ್ನ ಮೇಲಾದ್ರೆ ಮರೆಯಲ್ಲ’ ಎಂದಳು.