ಬಂಡೆಮನೆಯ ತೊಲೆ

ಇಸವಿ ೨೬೧೪, ಮಾಘ ಮಾಸದ ಕೊನೆ

ಆರುನೂರು ವರ್ಷ ಹಿಂದಿರುವ ನಿಮಗೆ,

ಈ ತಾರೀಕು ನೋಡಿ ನೀವು ನಗಬಹುದು. ನಮ್ಮ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಮನ್ನಿಸಬೇಕು. ನಾನು ಮಂದಾಕಿನಿ. ನಾನೂ ನನ್ನ ತಮ್ಮ ಪಂಪಣ್ಣನೂ ಅಮೆರಿಕದ ಮರುಭೂಮಿಯಲ್ಲಿ ಗಾಳಿಗಾಣ ನಡೆಸುತ್ತಿದ್ದೆವು. ಗಾಳಿಯ ತೇವ ಹಿಂಡಿ ಕುಡಿಯುವ ನೀರು ತೆಗೆಯುವ ಯಂತ್ರಕ್ಕೆ ನಾವು ಹಾಗೆನ್ನುತ್ತೇವೆ. ಅದರ ಜಾಲರಿಗೆ ಹಿಡಿದ ಧೂಳು ಒರೆಸುವುದರಲ್ಲೇ ನಮ್ಮ ಅರ್ಧ ದಿನ ಕಳೆಯುತ್ತಿತ್ತು.

ಅಲ್ಲಿಂದ ಮುಂದೆ, ಕಡಿದಾದ ಬಂಡೆಯ ಪೊಟರೆಯಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೊ ಜನರ ಪುರಾತನ ಮನೆಗಳಿವೆ. ಅವನ್ನು ನೋಡಲೇಬೇಕೆಂದು ಪಂಪಣ್ಣ ಹಟ ಹಿಡಿದಿದ್ದ. ಅದೇ ಜನರ ವಂಶದ ರೇನಾ ಎಂಬ ಹಿರಿಯಾಕೆ ಕರೆದೊಯ್ಯಲು ಒಪ್ಪಿದರು. ಒಳಗೆ ಏನನ್ನೂ ಮುಟ್ಟಬಾರದು, ತಮ್ಮ ಹಿರಿಯರು ಈಗಲೂ ಅಲ್ಲೇ ಇದ್ದಾರೆ ಎಂದು ದಾರಿಯುದ್ದಕ್ಕೂ ಹೇಳಿದರು.

ಬೆಳಿಗ್ಗೆ ಚುರುಕು ಬಿಸಿಲಿತ್ತು. ಮಧ್ಯಾಹ್ನ ಮೋಡ ಕವಿದು ಹಿಮ ಬೀಳತೊಡಗಿತು. ಬಿಸಿಲಿನಿಂದಲೇ ಓಡುವ ನಮ್ಮ ಬಂಡಿ ನಿಂತುಬಿಟ್ಟಿತು. ಉಳಿದ ದಾರಿ ನಡೆಯುವಾಗ ಚಳಿಗೆ ಹೆಪ್ಪುಗಟ್ಟಿದ್ದ ಹಳ್ಳದ ಮೇಲಿನ ಮಂಜುಗಡ್ಡೆ ಒಡೆದು ಪಂಪಣ್ಣ ಎದೆಮಟ್ಟ ನೆನೆದ. ಬಂಡೆಮನೆ ಸೇರುವಷ್ಟರಲ್ಲಿ ಅವನ ಮಾತು ತೊದಲುತ್ತಿತ್ತು. ನನ್ನ ಬಟ್ಟೆ ಬಿಚ್ಚಿ ಹೊದಿಸಿದೆ, ಅಪ್ಪಿಕೊಂಡು ಕೂತೆ. ನಡುಕ ನಿಲ್ಲಲಿಲ್ಲ. ನಮ್ಮ ಕಾಲದಲ್ಲಿ ಅಲ್ಲಿ ಸುತ್ತಮುತ್ತ ಒಂದು ಮರವೂ ಇಲ್ಲ. ಇದ್ದ ಕಟ್ಟಿಗೆಯೆಂದರೆ ಮಾಡಿನಲ್ಲಿ ಉಳಿದಿದ್ದ ಒಂದೇ ತೊಲೆ.

ಅದನ್ನು ಉರಿಸೋಣವೆಂದು ಕೇಳುವ ಬಾಯಿ ನನಗಿರಲಿಲ್ಲ. ರೇನಾ ತೊಲೆಯನ್ನೇ ಬಹಳ ಹೊತ್ತು ನೋಡಿದರು. ಸೊಂಟದ ಚೀಲದಿಂದ ಚಿಟಿಕೆ ಮೆಕ್ಕೆಜೋಳದ ಹಿಟ್ಟು ತೆಗೆದು ನೆಲಕ್ಕೆ ಉದುರಿಸಿ, ತಮ್ಮ ಭಾಷೆಯಲ್ಲಿ ಏನೋ ಬೇಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಹಿರಿಯರಾಗಿದ್ದರೂ ಒಲೆ ಹಚ್ಚುತ್ತಿದ್ದರು. ಹಿಡಿ, ಎಳೆಯೋಣ" ಎಂದರು.

ಅಷ್ಟು ಹಳೆಯ ಮರ ಕಾಗದದಂತೆ ಉರಿದುಹೋಯಿತು. ಪಂಪಣ್ಣ ಒಮ್ಮೆ ಕಣ್ಣು ಬಿಟ್ಟು, "ಅಕ್ಕಾ, ಬೆಚ್ಚಗಿದೆ" ಎಂದ. ಬೆಂಕಿ ಆರುವ ಮೊದಲೇ ಅವನು ಹೋದ. ರೇನಾ ಅವನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಲೇ ಇದ್ದರು.

ಬರೆದು ಏನನ್ನೂ ತಿದ್ದಲಾರೆನೆಂದು ಗೊತ್ತು. ಆದರೂ ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋದರೆ, ಹೊಸ್ತಿಲ ಹೊರಗೇ ನಿಂತು, ಒಳಗಿರುವ ಹಿರಿಯರಿಗೆ ಒಂದು ಮಾತು ಹೇಳಿಬಿಡಿ. ಮುಂದೆ ಪಂಪಣ್ಣ ಎಂಬವನೊಬ್ಬ ಬರುತ್ತಾನೆ, ಒದ್ದೆಯಾಗಿ ಬರುತ್ತಾನೆ, ಅವನನ್ನು ನೋಡಿಕೊಳ್ಳಿ ಎಂದು.

ಮಂದಾಕಿನಿ