ಗುರುವಾರದ ಬೆಣ್ಣೆಹಣ್ಣು

ಚಪಾಲಾ
ಸೋಮವಾರ ಸಂಜೆ

ಪ್ರೀತಿಯ ಅಮ್ಮನಿಗೆ,

ನಾನು ಈ ದೊಡ್ಡ ಅಂಗಡಿಗೆ ಕೆಲಸಕ್ಕೆ ಸೇರಿದಂದಿನಿಂದ ನೀನು ನನ್ನೊಡನೆ ಮಾತು ಬಿಟ್ಟಿದ್ದೀಯ. ನಮ್ಮ ಮೆಕ್ಸಿಕೊಗೆ ಬಂದು ನೆಲೆಸಿದ ಪರದೇಶದವರು, ಬುಧವಾರದ ಸಂತೆಯಲ್ಲಿ ನಿನ್ನ ಬಳಿ ಹಣ್ಣು ಕೊಳ್ಳುತ್ತಿದ್ದವರು, ಈಗ ಇಲ್ಲಿಗೇ ಬರುತ್ತಾರೆ. ನಿಜ. ಆದರೆ ಅವರು ಇಲ್ಲಿ ನಿದ್ದೆಯಲ್ಲಿ ನಡೆಯುವವರಂತೆ ತಳ್ಳುಗಾಡಿ ಹಿಡಿದು ಸದ್ದಿಲ್ಲದೆ ತೇಲುತ್ತಾರೆ. ಸೊಪ್ಪಿನ ಮೇಲೆ ಮಂಜಿನಂಥ ನೀರು ತಾನಾಗಿಯೇ ಇಳಿಯುತ್ತದೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ನಿನ್ನೆ ಕೆನಡಾದ ಮುದುಕಿ ವಿಲ್ಮಾ ಬೆಣ್ಣೆಹಣ್ಣಿನ ರಾಶಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ನನಗೇ ಗೊತ್ತಿಲ್ಲದೆ, ಸಂತೆಯಲ್ಲಿ ನೀನು ಎಲ್ಲರನ್ನೂ ಕೇಳುವ ಮಾತು ನನ್ನ ಬಾಯಿಂದ ಬಂತು: "ತಿನ್ನೋದು ಇವತ್ತಿಗೋ, ನಾಳೆಗೋ, ತಾಯೀ?"

ಅವರ ಮುಖ ಅರಳಿತು. "ಒಂದು ಇವತ್ತಿಗೆ ಕೊಡು ಮಗಳೇ," ಅಂದರು, ತಮ್ಮ ಮುರುಕು ಸ್ಪ್ಯಾನಿಷ್‌ನಲ್ಲಿ. "ಇನ್ನೊಂದು ಗುರುವಾರಕ್ಕೆ. ಒಬ್ಬರು ಊಟಕ್ಕೆ ಬರ್ತಾರೆ. ಯಾರು ಅಂತ ಮಾತ್ರ ಕೇಳ್ಬೇಡ."

ಜೊತೆ ಕೆಲಸದ ಚೆಲೋ ನಕ್ಕಳು. "ಏನೇ ಪಂಡಿತೆ, ಸಾಹಿತ್ಯ ಓದಿದ್ದು ಸಾಕಾಗ್ಲಿಲ್ವಾ? ಹಣ್ಣಿಗೂ ಪದ್ಯ ಹೇಳ್ತಿದೀಯಾ?"

ಇವತ್ತಿನದನ್ನು ಆರಿಸಿದೆ. ಗುರುವಾರದ್ದಕ್ಕೆ ಕೈ ತಡೆಯಿತು. ಎಲ್ಲ ಕಾಯಿಗಳೂ ಒಂದೇ ಥರ ಕಂಡವು. ಕಣ್ಣು ಮುಚ್ಚಿ ಒಂದನ್ನು ಕೊಟ್ಟುಬಿಟ್ಟೆ. ಅವರು ಅದನ್ನು ಮೊಟ್ಟೆಯಂತೆ ಹಿಡಿದುಕೊಂಡು ಹೋದರು.

ನಾಡಿದ್ದು ನನಗೆ ರಜೆ. ಸಂತೆಗೆ ಬಂದು ನಿನ್ನ ಪಕ್ಕ ಕೂರುತ್ತೇನೆ. ನೀನು ಮಾತಾಡಬೇಕಾಗಿಲ್ಲ ಅಮ್ಮ. ನನ್ನ ಕೈ ಹಿಡಿದು, ನಾಲ್ಕು ದಿನಕ್ಕೆ ಹಣ್ಣಾಗುವ ಕಾಯಿಯ ಮೇಲೆ ಇಡು, ಸಾಕು.

ನಿನ್ನ ಮಗಳು,
ಸೊರಾಯ್ದಾ